ಅಡ್ವಾನ್ಸ್ ವಾಪಸ್ ಕೊಡುವಾಗ ಯಾಕೀ ತಕರಾರು?

ಮಾನ್ಯರೇ,

ಬಾಡಿಗೆಗೆ ಫ್ಲ್ಯಾಟ್ ಹುಡುಕುವ ಕಷ್ಟದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಬಿಡುವಾಗಿನ ಜಗಳದ ಬಗ್ಗೆ ಮಾತು ಕಡಿಮೆ. ಅಡ್ವಾನ್ಸ್ ತೆಗೆದುಕೊಳ್ಳುವಾಗಿನ ಮಾಲೀಕರ ನಗು ವಾಪಸ್ ಕೊಡುವಾಗ ಇರುವುದಿಲ್ಲ. ಗೋಡೆಯಲ್ಲಿನ ಮೊಳೆ ತೂತು, ಸಿಂಕ್ ಕೆಳಗಿನ ಕಲೆ, ಸಡಿಲವಾದ ಚಿಲಕ, ಎಲ್ಲಕ್ಕೂ ಹಣ ಮುರಿದುಕೊಳ್ಳುತ್ತಾರೆ. ಇದರಲ್ಲಿ ಮೊದಲೇ ಇದ್ದದ್ದು ಎಷ್ಟು ಅಂತ ಹೇಳುವವರು ಯಾರು?

ಜನ ವರ್ಷಗಟ್ಟಲೆ ಬದುಕಿದ ಮನೆಯ ಬಣ್ಣ ಮಾಸದೇ ಇರುತ್ತದೆಯೇ? ಅದು ಬಳಕೆಯ ಸವೆತ. ಬಾಗಿಲು ಮುರಿದರೆ ಅದು ಹಾನಿ. ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ ಅಲ್ವಾ? ಹಾಗಂತ ಬಾಡಿಗೆದಾರರೆಲ್ಲ ಸಾಚಾಗಳೇನಲ್ಲ. ಕೊನೆಯ ಕರೆಂಟ್ ಬಿಲ್ ಬಾಕಿ ಇಟ್ಟು ಜಾಗ ಖಾಲಿ ಮಾಡುವವರೂ ಇದ್ದಾರೆ.

ಬಾಡಿಗೆದಾರರ ಕೈಗೆ ಕೀ ಕೊಡುವ ದಿನವೇ ಇಬ್ಬರೂ ಒಟ್ಟಿಗೆ ಮನೆ ನೋಡಲಿ. ಬಿರುಕು, ಕಲೆ, ಮೀಟರ್ ರೀಡಿಂಗ್ ಎಲ್ಲದರ ಫೋಟೊ ತೆಗೆದು, ಬರೆದು, ಸಹಿ ಹಾಕಲಿ. ಅರ್ಧ ಗಂಟೆಯ ಕೆಲಸ, ಆದರೂ ಯಾರೂ ಮಾಡುವುದಿಲ್ಲ. ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸ್, ಯಾವುದಕ್ಕೆ ಮುರಿದುಕೊಳ್ಳಬಹುದು ಎಂಬುದೂ ಕರಾರಿನಲ್ಲೇ ಇರಲಿ. ರಿಪೇರಿ ಅಂತ ಮುರಿದುಕೊಂಡರೆ ಸುಮ್ನೆ ಬಾಯಿಮಾತು ಬೇಡ, ಬಿಲ್ ತೋರಿಸಲಿ.

– ಒಬ್ಬ ಬಾಡಿಗೆದಾರ