ಎರಡು ಗ್ರಹ, ಒಂದೇ ಚೀಟಿ: ಗೇಮ್ ಕಂಪನಿಗೆ ದೂರು ಪತ್ರ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸಹಾಯ ವಿಭಾಗ

ವಿಷಯ: ನಿಮ್ಮ ಬಾಹ್ಯಾಕಾಶ ಗೇಮ್‌ನಲ್ಲಿ ಮರುಕಳಿಸುವ ತಾಣಗಳು ಮತ್ತು ತಿರಸ್ಕೃತ ರಿಫಂಡ್

ಮಾನ್ಯರೇ,

ಕಣ್ಣಿಗೆ ಬಿದ್ದ ಯಾವ ಗ್ರಹಕ್ಕಾದರೂ ಹೋಗಿ ಹುಡುಕಾಡಬಹುದು ಎಂದು ಟ್ರೇಲರ್‌ನಲ್ಲಿ ಹೇಳಿದ್ದಿರಿ. ಅದನ್ನು ನಂಬಿ ಬಿಡುಗಡೆಯ ದಿನವೇ ಪೂರ್ತಿ ಬೆಲೆ ಕೊಟ್ಟು ಕೊಂಡೆ. ಇವತ್ತಿಗೆ 60 ಗಂಟೆ ಆಡಿದ್ದೇನೆ.

ಕಳೆದ ಶನಿವಾರ ರಾತ್ರಿ ಹಿಮ ತುಂಬಿದ ಗ್ರಹವೊಂದರಲ್ಲಿ ಇಳಿದು, ಸ್ಕ್ಯಾನರ್ ತೋರಿಸಿದ ಕಡೆ ಹತ್ತು ನಿಮಿಷ ನಡೆದಾಗ ಪಾಳುಬಿದ್ದ ಪ್ರಯೋಗಾಲಯ ಸಿಕ್ಕಿತು. ಮೇಲಿನ ಮಹಡಿಯಲ್ಲಿ ಮೇಜಿನ ಮೇಲೆ ಉರುಳಿದ ಲೋಟ, ಕೆಳಗೆ ಒಬ್ಬ ವಿಜ್ಞಾನಿಯ ಶವ, ಆಕೆ ಮಗಳಿಗೆ ಬರೆದಿಟ್ಟ ಚೀಟಿ. ಓದಿ ನಿಜಕ್ಕೂ ಸಂಕಟವಾಯಿತು. ಭಾನುವಾರ ಬೇರೆ ನಕ್ಷತ್ರದ ಮರಳುಗಾಡಿನ ಗ್ರಹಕ್ಕೆ ಹೋದರೆ ಅಲ್ಲೂ ಅದೇ ಪ್ರಯೋಗಾಲಯ. ಲೋಟ ಅದೇ ಕಡೆಗೆ ಉರುಳಿತ್ತು. ಅದೇ ಹೆಂಗಸು, ಅದೇ ಮಗಳ ಹೆಸರು. ಹಿಂದಿನ ರಾತ್ರಿ ಪಟ್ಟ ಸಂಕಟವೂ ಸುಳ್ಳಾಯಿತು.

ಗ್ರಹಗಳನ್ನು ಕಂಪ್ಯೂಟರ್ ಸೂತ್ರದಿಂದ ಹುಟ್ಟಿಸುವುದಕ್ಕೆ ನನ್ನ ತಕರಾರಿಲ್ಲ. 1984ರಲ್ಲೇ 'ಎಲೀಟ್' ಎಂಬ ಗೇಮ್ 32 ಕೆಬಿ ಮೆಮೊರಿಯ ಬಿಬಿಸಿ ಮೈಕ್ರೋ ಎಂಬ ಪುಟ್ಟ ಕಂಪ್ಯೂಟರ್‌ನಲ್ಲಿ 8 ಗ್ಯಾಲಕ್ಸಿ, ಒಂದೊಂದರಲ್ಲಿ 256 ಗ್ರಹ ತೋರಿಸಿತ್ತು. 2016ರಲ್ಲಿ 18 ಕ್ವಿಂಟಿಲಿಯನ್ (18ರ ಮುಂದೆ 18 ಸೊನ್ನೆ) ಗ್ರಹಗಳೆಂದು ಬಂದ 'ನೋ ಮ್ಯಾನ್ಸ್ ಸ್ಕೈ' ಚೆನ್ನಾಗಿ ಬೈಸಿಕೊಂಡಿತು. ಆಮೇಲೆ ವರ್ಷಗಟ್ಟಲೆ ಉಚಿತ ಅಪ್‌ಡೇಟ್ ಕೊಟ್ಟು ಆಟಗಾರರನ್ನು ಮರಳಿ ಗಳಿಸಿತು. 2019ರ 'ಔಟರ್ ವೈಲ್ಡ್ಸ್'ನಲ್ಲಿ ಇರುವುದು ಒಂದೇ ಸೌರಮಂಡಲ, ಬೆರಳೆಣಿಕೆಯ ಗ್ರಹಗಳು. ಆದರೆ ದಾರಿ ಬಿಟ್ಟು ಎಲ್ಲಿ ಇಣುಕಿದರೂ ಯಾರೋ ಕೂತು ಯೋಚಿಸಿ ಇಟ್ಟದ್ದೇನೋ ಸಿಗುತ್ತದೆ. ನಾನು ಕೇಳುತ್ತಿರುವುದೂ ಅಷ್ಟೇ. ಗ್ರಹ ಖಾಲಿ ಇದ್ದರೂ ಸರಿ, ಗುಡ್ಡ ಹತ್ತಿ ಸೂರ್ಯೋದಯ ನೋಡಿಕೊಂಡು ಬರುತ್ತೇನೆ. ನಕಲು ಬೇಡ.

ರಿಫಂಡ್ ಕೇಳಿದ್ದಕ್ಕೆ, 2 ಗಂಟೆಗಿಂತ ಹೆಚ್ಚು ಆಡಿದ್ದೀರಿ ಎಂದು ತಿರಸ್ಕರಿಸಿದ್ದೀರಿ. ಸ್ವಂತ ಹಡಗು ಕೈಗೆ ಬರಲಿಕ್ಕೇ ನಿಮ್ಮ ಗೇಮ್‌ನಲ್ಲಿ ಎರಡೂವರೆ ಗಂಟೆ ಬೇಕು. ಹೀಗಿರುವಾಗ ಈ ದೋಷ ಎರಡು ಗಂಟೆಯೊಳಗೆ ಯಾರ ಕಣ್ಣಿಗೆ ಬಿದ್ದೀತು?

ಒಮ್ಮೆ ನೋಡಿದ ತಾಣ ಅದೇ ಆಟಗಾರನಿಗೆ ಮತ್ತೆ ಬಾರದಂತೆ ಮಾಡಿ. ಅದು ತಕ್ಷಣ ಆಗದಿದ್ದರೆ ಚೀಟಿ, ಶವಗಳನ್ನಾದರೂ ಬದಲಿಸಿ. ಕೈಯಾರೆ ಕಟ್ಟಿದ ತಾಣಗಳು ಎಷ್ಟು ಎಂಬುದನ್ನು ಮಾರಾಟದ ಪುಟದಲ್ಲಿ ಗ್ರಹಗಳ ಸಂಖ್ಯೆಯ ಪಕ್ಕದಲ್ಲೇ ಹಾಕಿ. ಯಾವ ಪ್ಯಾಚ್‌ನಲ್ಲಿ (ದೋಷ ತಿದ್ದುವ ಅಪ್‌ಡೇಟ್‌ನಲ್ಲಿ) ಸರಿಮಾಡುತ್ತೀರಿ ಎಂದು 15 ದಿನಗಳೊಳಗೆ ಲಿಖಿತವಾಗಿ ತಿಳಿಸಿ, ಇಲ್ಲವೇ ನನ್ನ ಹಣ ವಾಪಸ್ ಕೊಡಿ.

ಬಿಲ್ ಮತ್ತು ಎರಡೂ ಗ್ರಹಗಳಲ್ಲಿ ತೆಗೆದ ಸ್ಕ್ರೀನ್‌ಶಾಟ್‌ಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ