ಗಲ್ಫ್ ಸಂಬಳಕ್ಕೆ ಇಲ್ಲಿ ತೆರಿಗೆಯೇ?

ಸಂಪಾದಕರೇ,

ನನ್ನ ಮಗ ಮಸ್ಕತ್‌ನಲ್ಲಿ ಎಸಿ ಮೆಕ್ಯಾನಿಕ್. ಕಳೆದ ವರ್ಷ ಊರಲ್ಲಿದ್ದದ್ದು ಗವಿಮಠದ ಜಾತ್ರೆಗೆ ಬಂದ ಒಂದು ತಿಂಗಳಷ್ಟೇ. ಆದರೂ ‘ದುಡ್ಡು ಇಲ್ಲಿನ ಬ್ಯಾಂಕಿಗೆ ಬಂತಲ್ಲ’ ಎಂದು ಸಲಹೆಗಾರರೊಬ್ಬರು ಪೂರ್ತಿ ಸಂಬಳಕ್ಕೆ ತೆರಿಗೆ ಲೆಕ್ಕ ಹಾಕಿಕೊಟ್ಟರು! ಅನಿವಾಸಿಯು ಹೊರದೇಶದಲ್ಲಿ ದುಡಿದು, ಅಲ್ಲೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಅದರಲ್ಲಿ ಅಪ್ಪನಿಗೆ ಕಳಿಸಿದ ಹಣಕ್ಕೂ ಇಲ್ಲ.

ಎಡವಟ್ಟಾಗೋದು ಬೇರೆ ಕಡೆ. ಕೆಲಸಕ್ಕೆಂದು ಹೋಗುವವರು ಆ ಹಣಕಾಸು ವರ್ಷದಲ್ಲಿ 182 ದಿನ ಅಥವಾ ಜಾಸ್ತಿ ಇಲ್ಲಿದ್ದರೆ ನಿವಾಸಿಗಳೇ. ಗಂಗಾವತಿ, ಸಿಂಧನೂರು ಕಡೆಯ ಹುಡುಗರು ಭತ್ತದ ಕೊಯ್ಲು ಮುಗಿಸಿ ನವೆಂಬರ್, ಡಿಸೆಂಬರ್‌ನಲ್ಲಿ ವಿಮಾನ ಹತ್ತುತ್ತಾರೆ. ಅಷ್ಟರಲ್ಲಿ ಏಪ್ರಿಲ್‌ನಿಂದ ಏಳೆಂಟು ತಿಂಗಳು ಇಲ್ಲೇ ಕಳೆದಿರುತ್ತದೆ. ಹಾಗಾಗಿ ಮಾರ್ಚ್‌ವರೆಗಿನ ಗಲ್ಫ್ ಸಂಬಳವನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ವೀಸಾಕ್ಕೆ ಲಕ್ಷಗಟ್ಟಲೆ ಸುರಿಯುವ ಹುಡುಗರಿಗೆ ಏಜೆಂಟರು ಇದನ್ನು ಹೇಳ್ತಾರಾ? ಎಲ್ಲಿಯ ಮಾತು!

ಇನ್ನೊಂದು. ಅನಿವಾಸಿಗಳು ಹೊರದೇಶದ ದುಡಿಮೆಯನ್ನು ಇಲ್ಲಿನ ಬ್ಯಾಂಕಿನಲ್ಲಿಡುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆ ಇಲ್ಲ, ಇಲ್ಲಿನ ಬಾಡಿಗೆಯಂಥ ಆದಾಯ ಇಡುವ ಎನ್‌ಆರ್‌ಒ ಖಾತೆಯ ಬಡ್ಡಿಗೆ ಉಂಟು. ಬ್ಯಾಂಕಿನ ಕೌಂಟರ್‌ನಲ್ಲಿ ಇದನ್ನು ಕನ್ನಡದಲ್ಲಿ ಬರೆದು ಅಂಟಿಸೋಕೆ ಎಷ್ಟು ಖರ್ಚಾದೀತು? ಆದಾಯ ತೆರಿಗೆ ಇಲಾಖೆಯವರು ಸುಗ್ಗಿಗೆ ಮುಂಚೆ ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಒಂದು ಶಿಬಿರ ನಡೆಸಲಿ.

– ನಿವೃತ್ತ ಅಂಚೆ ನೌಕರ, ಗಂಗಾವತಿ