ಗಿನಿಪಿಗ್‌ಗೆ ಕಾಳು, ಬಿಸ್ಕತ್ತು ಅಲ್ಲ, ಹುಲ್ಲು ಬೇಕು

ಸಂಪಾದಕರಿಗೆ ನಮಸ್ಕಾರ.

ಮೈಸೂರಿನ ಒಂದು ಪೆಟ್ ಅಂಗಡಿಯಲ್ಲಿ ಈಚೆಗೆ ಒಬ್ಬ ಹುಡುಗಿ ಗಿನಿಪಿಗ್ ಕೊಂಡು, ಇದಕ್ಕೆ ಏನು ಹಾಕಬೇಕು ಅಂತ ಕೇಳಿದಳು. ಅನ್ನ, ಬಿಸ್ಕತ್ತು, ಕ್ಯಾರೆಟ್ ಏನು ಹಾಕಿದರೂ ತಿನ್ನುತ್ತೆ ಅಂತ ಹೇಳಿ, ಜೊತೆಗೊಂದು ಕಾಳಿನ ಪ್ಯಾಕೆಟ್ ಕೊಟ್ಟು ಕಳಿಸಿದರು. ತಿನ್ನುತ್ತೆ ನಿಜ. ಆದರೆ ಅದನ್ನೇ ತಿಂದು ಬದುಕಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಗಿನಿಪಿಗ್ ಹುಲ್ಲು ತಿನ್ನುವ ಪ್ರಾಣಿ. ಅದರ ಊಟದಲ್ಲಿ ಸುಮಾರು ನೂರಕ್ಕೆ 80 ಪಾಲು ಹುಲ್ಲೇ ಇರಬೇಕು, ಹಗಲು ರಾತ್ರಿ ಬೋನಿನಲ್ಲಿ ಖಾಲಿಯಾಗಬಾರದು. ಅದಕ್ಕಿರುವ 20 ಹಲ್ಲುಗಳೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಹುಲ್ಲನ್ನು ಅಗಿದು ಅಗಿದು ಅವು ಸವೆಯಬೇಕು. ಮೆತ್ತನೆಯ ಅನ್ನ ಬಿಸ್ಕತ್ತು ತಿಂದರೆ ಎಲ್ಲಿ ಸವೆಯುತ್ತೆ ಹೇಳಿ? ದವಡೆ ಹಲ್ಲು ಬೆಳೆದು ನಾಲಿಗೆಗೆ ಚುಚ್ಚಿ, ಕೊನೆಗೆ ಹಸಿವಿದ್ದರೂ ತಿನ್ನಲಾಗದೆ ಸೊರಗುತ್ತೆ.

ಇನ್ನೊಂದು ವಿಷಯ ವಿಟಮಿನ್ ಸಿ. ನಾಯಿ, ಬೆಕ್ಕು, ಮೊಲಗಳ ದೇಹ ಇದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಗಿನಿಪಿಗ್‌ಗೆ ನಮ್ಮ ಹಾಗೇ ಆ ಶಕ್ತಿ ಇಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿಜ್ಞಾನಿಗಳು ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿದಾಗ ಅವಕ್ಕೆ ಸ್ಕರ್ವಿ, ಅಂದರೆ ವಿಟಮಿನ್ ಸಿ ಕೊರತೆಯಿಂದ ಬರುವ ಕಾಯಿಲೆ, ಬಂತು. ವಿಟಮಿನ್ ಸಿ ಪತ್ತೆಯಾಗುವುದಕ್ಕೆ ಆ ಪ್ರಯೋಗವೇ ದಾರಿ ಮಾಡಿತು. ಅಂದರೆ ಯಾವ ಊಟದಿಂದ ಈ ಪ್ರಾಣಿಗೆ ಕಾಯಿಲೆ ಬರುತ್ತೆ ಅಂತ ನೂರು ವರ್ಷದ ಹಿಂದೆಯೇ ಗೊತ್ತಾಗಿದೆಯೋ, ಅದನ್ನೇ ಇವತ್ತು ಅಂಗಡಿಯಲ್ಲಿ ಪ್ಯಾಕೆಟ್ ಮಾಡಿ ಕೊಡುತ್ತಿದ್ದಾರೆ. ಇದು ನನಗೆ ತುಂಬಾ ಬೇಜಾರು ತರಿಸಿದ ಸಂಗತಿ. ಸ್ಕರ್ವಿ ಬಂದರೆ ಕೂದಲು ಒರಟಾಗುತ್ತೆ, ಕೀಲು ಊದುತ್ತೆ, ಪ್ರಾಣಿ ಓಡಾಡದೆ ಮೂಲೆ ಸೇರುತ್ತೆ. ಮನೆಯವರು ಸುಮ್ನೆ ಮಲಗಿದೆ ಅಂದುಕೊಳ್ಳುತ್ತಾರೆ.

ದೊಡ್ಡ ಗಿನಿಪಿಗ್‌ಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ವಿಟಮಿನ್ ಸಿ ಸಾಕು, ಗಬ್ಬವಾಗಿದ್ದರೆ ಇನ್ನೂ ಜಾಸ್ತಿ ಬೇಕು. ದಿನಾ ಒಂದೆರಡು ತುಂಡು ಹಸಿ ದಪ್ಪ ಮೆಣಸಿನಕಾಯಿ (ಕ್ಯಾಪ್ಸಿಕಂ), ಜೊತೆಗೆ ಸ್ವಲ್ಪ ಕೊತ್ತಂಬರಿ ಸೊಪ್ಪು ಕೊಟ್ಟರೆ ಆಯಿತು. ಸೀಬೆಹಣ್ಣೂ ಒಳ್ಳೆಯದೇ, ಆದರೆ ಸಿಹಿ ಇರುವುದರಿಂದ ಆಗಾಗ ಒಂದು ಚೂರು ಮಾತ್ರ. ಕ್ಯಾರೆಟ್‌ಗೂ ಇದೇ ಮಾತು. ನೀರಿಗೆ ವಿಟಮಿನ್ ಹನಿ ಹಾಕುವುದು ಬೇಡ, ಬೆಳಕಿಗೆ ಅದು ಬೇಗ ಹಾಳಾಗುತ್ತೆ, ರುಚಿ ಬೇರೆಯಾಗಿ ಪ್ರಾಣಿ ನೀರು ಕುಡಿಯುವುದನ್ನೇ ಕಡಿಮೆ ಮಾಡಬಹುದು. ಮೊಲಕ್ಕೆಂದು ಮಾರುವ ಪೆಲೆಟ್ (ಗುಳಿಗೆಯಂಥ ಸಿದ್ಧ ಆಹಾರ) ಕೊಟ್ಟರೂ ಉಪಯೋಗವಿಲ್ಲ. ಅದರಲ್ಲಿ ಇವಕ್ಕೆ ಬೇಕಾದ ಸಿ ಇರುವುದಿಲ್ಲ.

ಹುಲ್ಲಿಗೆ ಎಲ್ಲಿಗೆ ಹೋಗೋದು ಅಂತ ಕೇಳುವವರಿದ್ದಾರೆ. ಆನ್‌ಲೈನ್‌ನಲ್ಲಿ ಸಿಗುವ ಟಿಮೊಥಿ ಹುಲ್ಲು ಒಳ್ಳೆಯದು, ಆದರೆ ಎಲ್ಲರ ಕೈಗೆಟುಕುವ ಬೆಲೆಯಲ್ಲ. ನಮ್ಮಲ್ಲಿ ಗರಿಕೆ ಇದೆಯಲ್ಲ! ಹಿತ್ತಲಲ್ಲಿ, ಮಂಡ್ಯ ಕಡೆಯ ಹೊಲದ ಬದುಗಳಲ್ಲಿ, ಎಲ್ಲಾ ಕಡೆ ಸಿಗುತ್ತೆ. ಔಷಧಿ ಹೊಡೆದ ಜಾಗದ್ದು, ನಾಯಿಗಳು ಓಡಾಡುವ ರಸ್ತೆ ಬದಿಯದ್ದು ಬೇಡ. ತೊಳೆದು ನೀರು ಬಸಿದು ಕೊಡಿ, ಹೊಸದಾಗಿ ಶುರು ಮಾಡುವಾಗ ಸ್ವಲ್ಪ ಸ್ವಲ್ಪವೇ ಕೊಡಿ, ಒಮ್ಮೆಲೇ ಹಸಿ ಹುಲ್ಲು ತುಂಬಿದರೆ ಭೇದಿ ಆಗುತ್ತೆ. ಮಳೆಗಾಲಕ್ಕೆ ಅಂತ ಒಣಗಿಸಿಯೂ ಇಟ್ಟುಕೊಳ್ಳಬಹುದು, ಬೂಷ್ಟು ಹಿಡಿದರೆ ಮಾತ್ರ ಎಸೆದುಬಿಡಿ. ಭತ್ತದ ಹುಲ್ಲು ಹಾಸಿಗೆಗೆ ಸರಿ, ಊಟಕ್ಕೆ ಸಾಲದು. ಕುದುರೆ ಮೆಂತೆ ಅನ್ನುವ ಮೇವಿನಲ್ಲಿ (ಲೂಸರ್ನ್) ಕ್ಯಾಲ್ಸಿಯಂ ಜಾಸ್ತಿ, ಆರು ತಿಂಗಳೊಳಗಿನ ಮರಿಗೆ, ಗಬ್ಬದ ಅಥವಾ ಹಾಲೂಡಿಸುವ ತಾಯಿಗೆ ಮಾತ್ರ ಕೊಡಿ. ದೊಡ್ಡವಕ್ಕೆ ದಿನಾ ಹಾಕಿದರೆ ಮೂತ್ರಕೋಶದಲ್ಲಿ ಕಲ್ಲಾಗಬಹುದು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು, ಹಾಲು ಯಾವತ್ತೂ ಬೇಡ.

ಅಂದ ಹಾಗೆ, ಅದು ತನ್ನದೇ ಮೆತ್ತನೆಯ ಹಿಕ್ಕೆ ತಿನ್ನುವುದನ್ನು ಕಂಡು ಗಾಬರಿಯಾಗಿ ಬೈಯಬೇಡಿ. ಅದರಲ್ಲಿರುವ ಸತ್ವ ಅದಕ್ಕೆ ಬೇಕು. ಗಾಬರಿ ಆಗಬೇಕಾದ್ದು ಊಟ ಬಿಟ್ಟಾಗ. ಅರ್ಧ ದಿನ ಏನೂ ತಿನ್ನಲಿಲ್ಲ ಅಂದರೆ ಕರುಳಿನ ಚಲನೆಯೇ ನಿಂತುಹೋಗಬಹುದು, ನಾಳೆ ನೋಡೋಣ ಅನ್ನದೆ ಡಾಕ್ಟರ ಹತ್ತಿರ ಓಡಿ.

ಪೆಟ್ ಅಂಗಡಿಗಳಿಗೆಂದೇ ಕೇಂದ್ರ ಸರ್ಕಾರ 2018ರಲ್ಲಿ ಮಾಡಿದ ನಿಯಮಗಳಲ್ಲಿ ಗಿನಿಪಿಗ್ ಕೂಡ ಸೇರಿದೆ, ಅಂಗಡಿಯವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ನಮ್ಮ ಜಿಲ್ಲೆಯ ಪಶುಪಾಲನಾ ಇಲಾಖೆಯವರು ಈ ಅಂಗಡಿಗಳಿಗೆ ಹೋಗಿ ನೋಡಲಿ. ಪ್ರಾಣಿ ಮಾರುವಾಗ ಅದರ ಊಟದ ಬಗ್ಗೆ ಕನ್ನಡದಲ್ಲಿ ಅಚ್ಚು ಹಾಕಿಸಿದ ಒಂದು ಹಾಳೆಯನ್ನು ಕೊಡುವಂತೆ ಮಾಡಲಿ. ಮನೆಯಲ್ಲಿ ಸೊಪ್ಪು ತೊಳೆದು ಹಾಕುವ ಅಜ್ಜಿಗೂ, ಅದನ್ನು ಸಾಕುವ ಮಗುವಿಗೂ ಓದಲು ಬರುವ ಹಾಗೆ ಅದು ಇರಲಿ.

— ಒಬ್ಬ ಓದುಗರು, ಸರಸ್ವತಿಪುರಂ, ಮೈಸೂರು